ಶಿಬಿರ ಮುಗಿದ ಮೇಲೆ ಮಕ್ಕಳ ಪ್ರಶ್ನೆಗಳು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಆರು ವರ್ಷದಿಂದ ವಿಜ್ಞಾನ ಶಿಬಿರಗಳಲ್ಲಿ ಪಾಠ ಮಾಡುತ್ತಿದ್ದೇನೆ. ವರ್ಷಕ್ಕೆ ಎರಡು ಸಲ, ಒಟ್ಟು ಹತ್ತು ವಾರ. ಉಳಿದ ತಿಂಗಳುಗಳಲ್ಲಿ ಸಿಕ್ಕ ಕೆಲಸ ಮಾಡುತ್ತೇನೆ. ಈಗ ಶಿಬಿರ ನಡೆಸುವ ಶಾಲೆಯವರೇ ತಮ್ಮ ಗ್ರಂಥಾಲಯದ ಹೊಣೆ ವಹಿಸಿಕೊಳ್ಳಿ ಎನ್ನುತ್ತಿದ್ದಾರೆ. ಶಿಬಿರದ ವಾರಗಳಲ್ಲಿ ನನ್ನನ್ನು ಪಾಠಕ್ಕೆ ಬಿಟ್ಟುಕೊಡುತ್ತಾರಂತೆ. ಪುಸ್ತಕ ಅಂದರೆ ಇಷ್ಟ. ಆದರೆ ಗ್ರಂಥಾಲಯದ ತರಬೇತಿ ನನಗಿಲ್ಲ. ಅಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ಸಹಾಯಕರೊಬ್ಬರು ಇದ್ದಾರೆ. ಕಪಾಟುಗಳ ನಡುವೆ ಕೂತು ನನ್ನೊಳಗಿನ ವಿಜ್ಞಾನ ಒಣಗಿಹೋಗುತ್ತದೇನೋ ಎಂಬ ಭಯವೂ ಇದೆ. ಎರಡನ್ನೂ ಮಾಡಬಹುದಾ? ಇಲ್ಲ ಎರಡೂ ಅರ್ಧಂಬರ್ಧ ಆಗುತ್ತವಾ?

ಉತ್ತರ: ಮಾಡಬಹುದು. ನಾನು ಹದಿನೆಂಟು ವರ್ಷ ಮಾಡಿದ್ದೇನೆ. ಮೊದಲ ವರ್ಷ ನನಗೂ ಇದೇ ಭಯ ಇತ್ತು. ಆದರೆ ಗ್ರಂಥಾಲಯಕ್ಕೆ ಹೋದ ಮೇಲೆಯೇ ನನ್ನ ಶಿಬಿರದ ಪಾಠಕ್ಕೆ ಬೆನ್ನೆಲುಬು ಬಂತು. ಯಾಕೆ ಅಂತ ಹೇಳಬೇಕಾದರೆ ಒಂದು ಕೋಲಿನ ಕಥೆ ಹೇಳಬೇಕು.

ಅದು ಫೆಬ್ರವರಿ ತಿಂಗಳ ಶಿಬಿರ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು, ಅದರ ನೆರಳು ಯಾವ ಹೊತ್ತಿಗೆ ಅತಿ ಚಿಕ್ಕದಾಗುತ್ತದೆ ನೋಡಿ ಅಂತ ಮಕ್ಕಳಿಗೆ ಹೇಳಿದ್ದೆ. ಉತ್ತರ 12 ಗಂಟೆ ಅಂತ ನನ್ನ ತಲೆಯಲ್ಲಿ ಮೊದಲೇ ಕೂತಿತ್ತು. ಒಬ್ಬ ಹುಡುಗಿ ಬಂದು 12 ಗಂಟೆ 25 ನಿಮಿಷ ಅಂದಳು. ಅಳತೆ ತಪ್ಪಿರಬೇಕು, ಮತ್ತೆ ನೋಡು ಅಂದೆ. ಮಾರನೇ ದಿನವೂ ಅದೇ ಹೇಳಿದಳು. ಅವಳು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಳು. ನಡುಹಗಲಿನ ಹತ್ತಿರ ನೆರಳು ಬಹಳ ನಿಧಾನವಾಗಿ ಬದಲಾಗುತ್ತದೆ, ಅತಿ ಚಿಕ್ಕ ನೆರಳು ಯಾವುದು ಅಂತ ಕಣ್ಣಿಗೆ ತಿಳಿಯುವುದೇ ಇಲ್ಲ. ಅದಕ್ಕೆ ಅವಳು ಕೋಲಿನ ಸುತ್ತ ಒಂದು ವೃತ್ತ ಎಳೆದಿದ್ದಳು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಹೊತ್ತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಹೊತ್ತು, ಇವೆರಡರ ಸರಿ ನಡುವಿನ ಹೊತ್ತು ಹಿಡಿದಿದ್ದಳು. ನಾನು ಹೇಳಿಕೊಟ್ಟಿದ್ದಕ್ಕಿಂತ ಅದು ಎಷ್ಟೋ ಒಳ್ಳೆಯ ವಿಧಾನ. ಆದರೂ ಅವಳ ಹಾಳೆಯ ಮೇಲೆ ನಾನು ತಪ್ಪು ಅಂತ ಗುರುತು ಹಾಕಿದೆ. ಶಿಬಿರ ಮುಗಿಯಿತು. ಮಕ್ಕಳು ಮನೆಗೆ ಹೋದರು.

ಮುಂದಿನ ಶಿಬಿರ ನವೆಂಬರ್ ಮೊದಲ ವಾರ. ಅದೇ ಅಂಗಳ, ಅದೇ ಕೋಲು. ಈ ಸಲ ವೃತ್ತದ ವಿಧಾನವನ್ನೇ ಹೇಳಿಕೊಟ್ಟೆ. ಒಬ್ಬ ಹುಡುಗ ಬಂದು 11 ಗಂಟೆ 55 ನಿಮಿಷ ಅಂದ. ಅಷ್ಟು ಹೊತ್ತಿಗೆ ನಾನು ಗ್ರಂಥಾಲಯ ವಹಿಸಿಕೊಂಡಿದ್ದೆ. ಫೆಬ್ರವರಿಯ ಹಾಳೆಗಳನ್ನು ಎಸೆಯಲು ಮನಸ್ಸು ಬಾರದೆ ಅಲ್ಲಿನ ಮೇಜಿನ ಡ್ರಾಯರಿಗೆ ಹಾಕಿದ್ದೆ. ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಅರ್ಧ ಗಂಟೆ ವ್ಯತ್ಯಾಸ. ಎಷ್ಟೇ ಅಳತೆ ತಪ್ಪಿದರೂ ಅರ್ಧ ಗಂಟೆ ತಪ್ಪುವುದಿಲ್ಲ, ಅಲ್ವಾ?

ಕಪಾಟಿನಿಂದ ಖಗೋಳದ ಪುಸ್ತಕ ತೆಗೆದು ಆ ಹುಡುಗನ ಜೊತೆ ಕೂತೆ. ಸೂರ್ಯನ ನಡುಹಗಲು ಗಡಿಯಾರದ 12 ಗಂಟೆಗೆ ಸರಿಯಾಗಿ ಕೂಡುವುದು ಅಪರೂಪ. ನಾವಿರುವ ಜಾಗ ನಮ್ಮ ಕಾಲವಲಯದ ಮೂಲ ರೇಖಾಂಶದಿಂದ ಎಷ್ಟು ದೂರ ಇದೆ ಅನ್ನುವುದು ಒಂದು ಕಾರಣ. ಒಂದು ಡಿಗ್ರಿಗೆ 4 ನಿಮಿಷ. ಇದು ವರ್ಷವಿಡೀ ಒಂದೇ ಸಮ. ಇನ್ನೊಂದು ಕಾರಣ ದಿನದಿನವೂ ಬದಲಾಗುವಂಥದ್ದು. ಭೂಮಿ ಸುತ್ತುವ ಹಾದಿ ಪೂರ್ತಿ ದುಂಡಗಿಲ್ಲ. ಅದರ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಇವೆರಡೂ ಸೇರಿ ಫೆಬ್ರವರಿ ನಡುವಿನ ಹೊತ್ತಿಗೆ ಸೂರ್ಯನ ನಡುಹಗಲನ್ನು ಸುಮಾರು 14 ನಿಮಿಷ ತಡ ಮಾಡುತ್ತವೆ. ನವೆಂಬರ್ ಮೊದಲಲ್ಲಿ ಸುಮಾರು 16 ನಿಮಿಷ ಬೇಗ ತರುತ್ತವೆ. 14 ಮತ್ತು 16 ಕೂಡಿದರೆ 30. ಆ ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅಳೆದಿದ್ದು ಇದನ್ನೇ. ಶಿಬಿರದ ದಾಖಲೆಯಿಂದ ವಿಳಾಸ ಹುಡುಕಿ ಆ ಹುಡುಗಿಗೆ ಕಾಗದ ಬರೆದೆ. ನಿನ್ನ ಅಳತೆ ಸರಿ ಇತ್ತು, ತಪ್ಪು ನನ್ನದು ಅಂತ.

ನಿಮ್ಮ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಋತುವಿಗೊಮ್ಮೆ ಪಾಠ ಮಾಡುವವರ ಕೈಗೆ ಸಿಗುವುದು ಒಂದು ಋತುವಿನ ತುಂಡು ಮಾತ್ರ. ಫೆಬ್ರವರಿಯ ಮಕ್ಕಳು ನವೆಂಬರಿನಲ್ಲಿ ಇರುವುದಿಲ್ಲ. ಪ್ರಶ್ನೆ ಒಂದು ಋತುವಿನಲ್ಲಿ ಹುಟ್ಟುತ್ತದೆ, ಅದರ ಉತ್ತರದ ಅರ್ಧ ಇನ್ನೊಂದು ಋತುವಿನಲ್ಲಿ ಇರುತ್ತದೆ. ನಡುವಿನ ತಿಂಗಳುಗಳಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಕಾಯ್ದಿಡಬೇಕು. ಶಾಲೆಯಲ್ಲಿ ಆ ಕೆಲಸ ಮಾಡಬಲ್ಲ ಜಾಗ ಗ್ರಂಥಾಲಯ ಒಂದೇ. ತರಗತಿ ಕೋಣೆ ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಪ್ರಯೋಗಶಾಲೆ ಸಾಮಾನು ಇಟ್ಟುಕೊಳ್ಳುತ್ತದೆ, ಪ್ರಶ್ನೆ ಇಟ್ಟುಕೊಳ್ಳುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ ಒಂದು ಋತು ಪುಸ್ತಕ ಶುರು ಮಾಡುವುದು. ದಪ್ಪ ರಟ್ಟಿನ, ಗೆರೆ ಹಾಕಿದ ಪುಸ್ತಕ ಸಾಕು. ದಿನಾಂಕ, ಹೊತ್ತು, ಏನು ಕಂಡಿತು, ಕಂಡವರ ತರಗತಿ ಮತ್ತು ಮೊದಲ ಹೆಸರು. ಮೊದಲ ಮಳೆ ಅಥವಾ ಮೊದಲ ಹಿಮ, ಯಾವ ಗಿಡ ಯಾವತ್ತು ಚಿಗುರಿತು, ಇರುವೆಗಳಿಗೆ ರೆಕ್ಕೆ ಬಂದದ್ದು ಯಾವತ್ತು. ಕೊನೆಯಲ್ಲಿ ಉತ್ತರ ಸಿಗದ ಪ್ರಶ್ನೆಗಳಿಗೆ ಒಂದಿಷ್ಟು ಹಾಳೆ ಬಿಡಿ. ಈ ಪುಸ್ತಕಕ್ಕೆ ಉಳಿದ ಪುಸ್ತಕಗಳ ಹಾಗೆಯೇ ದಾಖಲೆ ಸಂಖ್ಯೆ ಕೊಡಿ, ಕ್ಯಾಟಲಾಗಿಗೆ ಸೇರಿಸಿ. ಇದು ಮುಖ್ಯ. ಸಂಖ್ಯೆ ಇಲ್ಲದ ಪುಸ್ತಕ ಯಾವತ್ತಾದರೂ ರದ್ದಿಗೆ ಹೋಗುತ್ತದೆ. ಸಂಖ್ಯೆ ಇರುವುದನ್ನು ನೀವು ಬಿಟ್ಟುಹೋದ ಮೇಲೂ ಯಾರೋ ಒಬ್ಬರು ಲೆಕ್ಕ ಹಾಕುತ್ತಾರೆ.

ಇಂಥ ಪುಸ್ತಕ ಎಷ್ಟು ದೂರ ಹೋಗಬಹುದು ಗೊತ್ತಾ? ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬಾತ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದ. ಯಾವ ಮರ ಯಾವತ್ತು ಎಲೆ ಬಿಟ್ಟಿತು, ಯಾವ ಹಕ್ಕಿ ಯಾವತ್ತು ಮೊದಲು ಕಾಣಿಸಿತು, ಅಷ್ಟೇ. ಅವನ ನಂತರ ಅವನ ಮನೆತನದವರು ಮುಂದುವರಿಸಿದರು, 1958ರವರೆಗೆ. ಹವಾಮಾನ ಹೇಗೆ ಬದಲಾಗಿದೆ ಅಂತ ಅಧ್ಯಯನ ಮಾಡುವವರು ಈಗ ಆ ಪಟ್ಟಿಗಳನ್ನು ಬಳಸುತ್ತಾರೆ. ಒಂದು ಮನೆತನಕ್ಕೆ ಸಾಧ್ಯ ಆದದ್ದು ಒಂದು ಶಾಲೆಗೆ ಇನ್ನೂ ಸುಲಭ. ಶಾಲೆಗೆ ಪ್ರತಿ ವರ್ಷ ಹೊಸ ಕಣ್ಣುಗಳು ಬರುತ್ತವೆ.

ಗ್ರಂಥಾಲಯ ಮತ್ತು ಋತುವಿನ ವಿಜ್ಞಾನ ಬೇರೆ ಬೇರೆ ಅನ್ನುವವರಿಗೆ ನಾನು ಎರಟೋಸ್ಥೆನೀಸ್ ಹೆಸರು ಹೇಳುತ್ತೇನೆ. ಭೂಮಿಯ ಸುತ್ತಳತೆ ಲೆಕ್ಕ ಹಾಕಿದವನು ಅಂತ ಎಲ್ಲ ವಿಜ್ಞಾನ ಶಿಕ್ಷಕರಿಗೂ ಗೊತ್ತು. ಅವನು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಅನ್ನುವುದನ್ನು ಪಾಠದಲ್ಲಿ ಬಿಟ್ಟುಬಿಡುತ್ತೇವೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಮಾತು. ವರ್ಷದ ಅತಿ ಉದ್ದದ ಹಗಲಿನ ನಡುಹೊತ್ತಿಗೆ ದಕ್ಷಿಣದ ಸೈಯೀನ್ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ ಎಂಬ ವಿಷಯ ಅವನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಅಳೆದರೆ ಸೂರ್ಯ ನೆತ್ತಿಯಿಂದ ಪೂರ್ತಿ ವೃತ್ತದ 50ನೇ ಒಂದು ಭಾಗದಷ್ಟು ವಾಲಿದ್ದ. ಅಂದರೆ ಎರಡು ಊರುಗಳ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ. ಒಂದು ಊರಿನ ಸಂಗತಿ ಕಾದಿಟ್ಟ ತಿಳಿವಳಿಕೆಯಿಂದ ಬಂತು, ಇನ್ನೊಂದು ಕೋಲಿನ ನೆರಳಿನಿಂದ ಬಂತು. ನಿಮಗೆ ಈಗ ಕೊಡುತ್ತಿರುವ ಕೆಲಸ ಅದೇ ಜೋಡಿ.

ಇನ್ನು ಒಣಗಿಹೋಗುವ ಭಯ. ಎಸ್. ಆರ್. ರಂಗನಾಥನ್ ಅವರು ಗಣಿತ ಪಾಠ ಮಾಡುತ್ತಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆ ಒಂಟಿ ಕೆಲಸ ಅವರಿಗೆ ಎಷ್ಟು ಬೇಸರ ತಂದಿತು ಅಂದರೆ, ಸೇರಿದ ಕೆಲವೇ ದಿನಕ್ಕೆ ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ ಅಂತ ಕೇಳಿದರು. ಮೊದಲು ಲಂಡನ್‌ಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೂ ಬೇಸರವಾದರೆ ನೋಡೋಣ ಅಂತ ಮೇಲಿನವರು ಅಂದರಂತೆ. ಹೋದರು. ಅಲ್ಲಿನ ಗ್ರಂಥಾಲಯಗಳು ಜನರ ನಡುವೆ ಬದುಕುವುದನ್ನು ನೋಡಿದರು. ಮತ್ತೆ ಗಣಿತದ ಪಾಠಕ್ಕೆ ಮರಳಲಿಲ್ಲ. 1931ರಲ್ಲಿ ಅವರು ಬರೆದ ಐದು ಸೂತ್ರಗಳು ಇವತ್ತಿಗೂ ಈ ಕೆಲಸದ ಬುನಾದಿ. ಐದನೆಯದು ಗ್ರಂಥಾಲಯ ಬೆಳೆಯುವ ಜೀವಿ ಅನ್ನುತ್ತದೆ. ಜೀವಿ ಅನ್ನುವ ಮಾತು ವಿಜ್ಞಾನ ಶಿಕ್ಷಕರಿಗೆ ಬೇರೆ ಥರ ಕೇಳಿಸಬೇಕು. ಜೀವಿ ತಿನ್ನುತ್ತದೆ, ಬೆಳೆಯುತ್ತದೆ, ಬೇಡದ್ದನ್ನು ಹೊರಗೆ ಹಾಕುತ್ತದೆ.

ಹೊರಗೆ ಹಾಕುವ ಈ ಕೆಲಸದಲ್ಲಿ ನಿಮ್ಮ ತರಬೇತಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಶಾಲೆಗಳ ವಿಜ್ಞಾನದ ಕಪಾಟು ನೋಡಿದ್ದೇನೆ. ಪ್ಲೂಟೋವನ್ನು ಒಂಬತ್ತನೇ ಗ್ರಹ ಎನ್ನುವ ಪುಸ್ತಕ ಇನ್ನೂ ಇರುತ್ತದೆ. ಅದನ್ನು ಕುಬ್ಜಗ್ರಹ ಎಂದು ತೀರ್ಮಾನಿಸಿದ್ದು 2006ರಲ್ಲಿ. ನಾಲಿಗೆಯ ತುದಿಗೆ ಮಾತ್ರ ಸಿಹಿ ಗೊತ್ತಾಗುತ್ತದೆ ಎಂಬ ಚಿತ್ರ ಇರುತ್ತದೆ. ಅದು ತಪ್ಪು, ರುಚಿಗಳೆಲ್ಲ ನಾಲಿಗೆಯ ಎಲ್ಲ ಭಾಗಕ್ಕೂ ತಿಳಿಯುತ್ತವೆ. ಸೂರ್ಯ ಹತ್ತಿರ ಬಂದಾಗ ಬೇಸಿಗೆ ಎನ್ನುವ ಪುಸ್ತಕವೂ ಸಿಕ್ಕಿದೆ. ಇದನ್ನು ಬರೀ ಮುದ್ರಣದ ವರ್ಷ ನೋಡಿ ಹಿಡಿಯಲು ಆಗುವುದಿಲ್ಲ. ತೆರೆದು ಓದಬೇಕು, ಓದಿದ್ದನ್ನು ಅನುಮಾನಿಸಬೇಕು. ನನ್ನ ಅಭ್ಯಾಸ ಹೀಗೆ: ತಪ್ಪಿರುವ ಪುಸ್ತಕ ಐದು ಪ್ರತಿ ಇದ್ದರೆ ನಾಲ್ಕು ತೆಗೆಯುತ್ತೇನೆ, ಒಂದನ್ನು ಮೇಜಿನ ಹತ್ತಿರ ಇಡುತ್ತೇನೆ. ಅದರಲ್ಲಿ ಒಂದು ಚೀಟಿ: ಇದರ 14ನೇ ಪುಟದಲ್ಲಿ ಈಗ ಒಪ್ಪದ ಒಂದು ಮಾತಿದೆ, ಹುಡುಕು. ಮಕ್ಕಳು ಇದಕ್ಕೆ ಸರದಿ ನಿಲ್ಲುತ್ತಾರೆ. ಅಚ್ಚಾದದ್ದೂ ತಪ್ಪಿರಬಹುದು ಅಂತ ಒಂದು ಮಗು ತನ್ನ ಕೈಯಾರೆ ಕಂಡುಕೊಳ್ಳುವ ಗಳಿಗೆ ನನಗೆ ಯಾವ ಪ್ರಯೋಗಕ್ಕಿಂತಲೂ ದೊಡ್ಡದು.

ಆಯಾ ಋತುವಿಗೆ ತಕ್ಕ ಪುಸ್ತಕ ಜೋಡಿಸುವ ಋತು ಕಪಾಟಿನ ಬಗ್ಗೆ ಎರಡು ಮಾತು. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ವಿಜ್ಞಾನ 500ರಿಂದ ಶುರು. ಆದರೆ ಮಳೆ ಬಂದಾಗ ಮಗುವಿನ ಮನಸ್ಸಿನಲ್ಲಿ ಏಳುವುದು ಒಂದು ಸಂಖ್ಯೆಯಲ್ಲ. ಹವಾಮಾನ 551ರಲ್ಲಿ, ಕಪ್ಪೆ 597ರಲ್ಲಿ, ಹಕ್ಕಿ 598ರಲ್ಲಿ, ಬೇಸಾಯ 630ರಲ್ಲಿ, ಮಳೆಯ ಪದ್ಯ 800ರಲ್ಲಿ ಎಲ್ಲೋ. ಋತು ಬರುವ ಎರಡು ವಾರ ಮುಂಚೆ ಇವೆಲ್ಲವನ್ನೂ ಬಾಗಿಲ ಹತ್ತಿರದ ಒಂದು ಕಪಾಟಿಗೆ ತನ್ನಿ. ಋತು ಬಂದ ಮೇಲೆ ಜೋಡಿಸಿದರೆ ತಡವಾಯಿತು. ಪುಸ್ತಕಗಳ ಜೊತೆ ಸಾಮಾನೂ ಇರಲಿ: ಭೂತಗನ್ನಡಿ, ಉಷ್ಣಮಾಪಕ, ಅಳತೆ ಪಟ್ಟಿ. ಪುಸ್ತಕದ ಹಾಗೆಯೇ ಮನೆಗೆ ಎರವಲು ಕೊಡಿ. ಒಡೆಯುತ್ತದೆ ಅಂತ ಹೆದರಬೇಡಿ, ಒಂದೆರಡು ಒಡೆಯುತ್ತವೆ. ಕಪಾಟಿನ ಮೇಲೆ ದೊಡ್ಡ ಅಲಂಕಾರ ಬೇಡ, ಒಂದೇ ಒಂದು ಪ್ರಶ್ನೆ ಸಾಕು. ಜನವರಿಯಲ್ಲಿ ನಾನು ಹಾಕುತ್ತಿದ್ದದ್ದು: ಈ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ ಅತಿ ದೂರ, ಸುಮಾರು 15.2 ಕೋಟಿ. ಹಾಗಾದರೆ ಉತ್ತರಾರ್ಧ ಗೋಳದಲ್ಲಿ ಜನವರಿ ಚಳಿಗಾಲ ಯಾಕೆ? ಉತ್ತರ ಬರೆಯಬೇಡಿ. ಉತ್ತರ ಇರುವ ಪುಸ್ತಕ ಅದೇ ಕಪಾಟಿನಲ್ಲಿ ಇದೆಯಲ್ಲ.

ರಜೆಯ ಪಾಠ ಎಂದರೆ ಸುಮ್ನೆ ಹೊತ್ತು ಕಳೆಯುವ ಪಾಠ ಅಂತ ಶಾಲೆಯಲ್ಲಿ ಕೆಲವರಾದರೂ ಹೇಳುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿ ಶುರುವಾದವು. ಎರಡನೇ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ ಇವತ್ತಿಗೂ ನಡೆಯುತ್ತಿವೆ. ಮೈಕೆಲ್ ಫ್ಯಾರಡೆ ಒಬ್ಬರೇ 19 ಸರಣಿ ಕೊಟ್ಟರು. ಅವರು ವಿಜ್ಞಾನಕ್ಕೆ ಬಂದ ದಾರಿ ಪುಸ್ತಕದ ರಟ್ಟು ಕಟ್ಟುವ ಅಂಗಡಿಯದು. ಹದಿನಾಲ್ಕನೇ ವಯಸ್ಸಿಗೆ ಕೆಲಸ ಕಲಿಯಲು ಸೇರಿ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿದ್ಯುತ್ತಿನ ಬಗ್ಗೆ ತಿಳಿದುಕೊಂಡರು.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ತೊಂದರೆ ಮನಸ್ಸಿನದಲ್ಲ, ಕ್ಯಾಲೆಂಡರಿನದು. ಶಾಲೆಯ ವರ್ಷ ಮುಗಿಯುವಾಗ ಗ್ರಂಥಾಲಯದಲ್ಲಿ ಪುಸ್ತಕ ವಾಪಸ್ ಬರಬೇಕು, ಎಣಿಕೆ ಆಗಬೇಕು, ಕಳೆದದ್ದರ ಲೆಕ್ಕ ಕೊಡಬೇಕು. ರಜೆಯ ಶಿಬಿರದ ತಯಾರಿಯೂ ಅದೇ ವಾರಗಳಲ್ಲಿ. ಎರಡೂ ಒಟ್ಟಿಗೆ ಹೆಗಲಿಗೆ ಬಿದ್ದು ನನ್ನ ಎರಡನೇ ವರ್ಷ ಹಾಳಾಯಿತು. ಎಣಿಕೆಗೆ ಅಂತ ರಜೆಗೆ ಮೂರು ವಾರ ಮೊದಲೇ ಪುಸ್ತಕ ಕೊಡುವುದನ್ನು ನಿಲ್ಲಿಸಿದೆ. ಮಕ್ಕಳ ಕೈಯಲ್ಲಿ ಪುಸ್ತಕ ಇರಬೇಕಾದ ರಜೆಯಲ್ಲೇ ಕಪಾಟು ತುಂಬಿಸಿ ಬೀಗ ಹಾಕಿದೆ. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಆಮೇಲೆ ದಾರಿ ಬದಲಾಯಿಸಿದೆ. ಎಣಿಕೆಯನ್ನು ವರ್ಷದ ಕೊನೆಗೆ ಬಿಡದೆ ತಿಂಗಳಿಗೊಂದು ವಿಭಾಗ ಮಾಡಿಕೊಂಡೆ. ಒಂದು ತಿಂಗಳು 500ರ ವಿಭಾಗ, ಇನ್ನೊಂದು ತಿಂಗಳು 900ರ ವಿಭಾಗ. ಹೊರಗೆ ಹೋದ ಪುಸ್ತಕ ಹೋದದ್ದಾಗಿಯೇ ಲೆಕ್ಕಕ್ಕೆ ಬರುತ್ತದೆ, ಅದಕ್ಕಾಗಿ ಬಾಗಿಲು ಹಾಕಬೇಕಿಲ್ಲ. ಮುಖ್ಯೋಪಾಧ್ಯಾಯರು, ಲೆಕ್ಕಪತ್ರದವರು ಒಪ್ಪಬೇಕು. ವರ್ಷದ ಶುರುವಿನಲ್ಲೇ ಕೇಳಿ, ಕೊನೆಯಲ್ಲಿ ಕೇಳಿದರೆ ಯಾರಿಗೂ ಕೇಳಿಸಿಕೊಳ್ಳಲು ಪುರುಸೊತ್ತು ಇರುವುದಿಲ್ಲ. ರಜೆಗೆ ಒಂದು ಮಗುವಿಗೆ ಎರಡರ ಬದಲು ಐದು ಪುಸ್ತಕ ಕೊಡಿ. ಸ್ವಲ್ಪ ಜಾಸ್ತಿ ಕಳೆಯುತ್ತವೆ, ನಿಜ. ಓದದೆ ಉಳಿದ ಪುಸ್ತಕ ಅದಕ್ಕಿಂತ ದೊಡ್ಡ ನಷ್ಟ ಅಂತ ನನ್ನ ನಂಬಿಕೆ.

ಸಹಾಯಕರ ವಿಷಯಕ್ಕೆ ನೀವು ಹೆಚ್ಚು ಗಮನ ಕೊಡಬೇಕು. ಇಷ್ಟು ವರ್ಷ ಆ ಜಾಗ ನಡೆಸಿದವರ ಮೇಲೆ ಹೊರಗಿನವರೊಬ್ಬರು ಬಂದು ಕೂರುತ್ತಿದ್ದೀರಿ. ಅವರಿಗೆ ನೋವಾಗಿರುವುದು ಸಹಜ. ಮೊದಲ ತಿಂಗಳು ಏನನ್ನೂ ಬದಲಾಯಿಸಬೇಡಿ. ಅವರ ಪಕ್ಕ ನಿಂತು ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹರಿದದ್ದನ್ನು ಅಂಟಿಸುವುದು ಕಲಿಯಿರಿ. ಯಾವ ಮಗು ಏನು ಓದುತ್ತದೆ, ಯಾವ ಮಗು ಊಟದ ಬಿಡುವಿನಲ್ಲಿ ಒಬ್ಬಂಟಿಯಾಗಿ ಇಲ್ಲಿಗೆ ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಅದು ಯಾವ ಕ್ಯಾಟಲಾಗಿನಲ್ಲೂ ಇಲ್ಲ. ನೀವು ಶಿಬಿರಕ್ಕೆ ಹೋದ ವಾರಗಳಲ್ಲಿ ಅವರು ಬರೀ ಕೀಲಿ ಕಾಯುವವರಾಗಬಾರದು. ಪುಸ್ತಕ ಕೊಳ್ಳುವ, ನಿಯಮ ಸಡಿಲಿಸುವ ಅಧಿಕಾರವೂ ಆಗ ಅವರದೇ ಆಗಿರಲಿ, ಬರವಣಿಗೆಯಲ್ಲಿ. ಗ್ರಂಥಾಲಯದ ನಾಯಕತ್ವ ಅಂದರೆ ನನ್ನ ಮಟ್ಟಿಗೆ ಇದು. ನೀವಿಲ್ಲದ ವಾರಗಳಲ್ಲೂ ಬಾಗಿಲು ತೆರೆದಿರುತ್ತದಾ ಅನ್ನುವುದನ್ನು ನೋಡಿದರೆ ಗೊತ್ತಾಗುತ್ತದೆ.

ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವು ಕಡೆ ಈ ಹುದ್ದೆಗೆ ಗ್ರಂಥಾಲಯ ವಿಜ್ಞಾನದ ಪದವಿ ಕಡ್ಡಾಯ, ಕೆಲವು ಕಡೆ ಅಲ್ಲ. ನಿಮಗೆ ಅನ್ವಯಿಸುವ ನಿಯಮ ಮೊದಲೇ ಓದಿ. ಕಡ್ಡಾಯ ಅಲ್ಲದಿದ್ದರೂ ವರ್ಗೀಕರಣ ಮತ್ತು ಕ್ಯಾಟಲಾಗಿಂಗ್ ಮಾತ್ರ ಯಾರ ಹತ್ತಿರವಾದರೂ ಕ್ರಮವಾಗಿ ಕಲಿಯಿರಿ. ಉಳಿದದ್ದು ಕೈಗೆ ಬರುತ್ತದೆ.

ಒಪ್ಪುವ ಮುಂಚೆ ಶಾಲೆಯಿಂದ ಮೂರು ವಿಷಯ ಕಾಗದದ ಮೇಲೆ ಪಡೆಯಿರಿ. ಒಂದು, ಶಿಬಿರದ ಹತ್ತು ವಾರವೂ ಅದೇ ಸಂಬಳದ ಕೆಲಸವಾ, ಇಲ್ಲ ಬೇರೆಯಾಗಿ ಕೊಡುತ್ತಾರಾ, ಸೇವೆಯ ಲೆಕ್ಕ ಮುರಿಯದೆ ಮುಂದುವರಿಯುತ್ತದಾ. ಬಾಯಿಮಾತಿನ ಬಿಟ್ಟುಕೊಡುತ್ತೇವೆ ಅನ್ನುವುದು ಮುಖ್ಯೋಪಾಧ್ಯಾಯರು ಬದಲಾದ ದಿನ ಮುಗಿಯುತ್ತದೆ. ಎರಡು, ಪುಸ್ತಕಕ್ಕೆ ವರ್ಷಕ್ಕೆ ಎಷ್ಟು ಹಣ, ಅದರಲ್ಲಿ ಉಷ್ಣಮಾಪಕ ಮತ್ತು ಭೂತಗನ್ನಡಿ ಕೊಳ್ಳಬಹುದಾ. ಮೂರನೆಯದನ್ನು ಕೇಳಿದಾಗ ಅವರಿಗೆ ಆಶ್ಚರ್ಯವಾಗಬಹುದು, ಆದರೂ ಕೇಳಿ. ಗ್ರಂಥಾಲಯದ ಕಿಟಕಿಯಿಂದ ಕಾಣುವ ಹಾಗೆ, ದಿನವಿಡೀ ಬಿಸಿಲು ಬೀಳುವ ಕಡೆ, ಒಂದು ಮೀಟರ್ ಕೋಲು ನೆಡಲು ಅಂಗಳದಲ್ಲಿ ಜಾಗ ಬೇಕು. ವರ್ಷವಿಡೀ ಯಾರೂ ಅದನ್ನು ಕೀಳಬಾರದು.